ಸ್ಟೇಜ್ ಲೈಟಿಂಗ್: ಕರೆಂಟ್ ಲೆಕ್ಕದಿಂದ ಕೊನೆಯ ಕ್ಯೂವರೆಗೆ

ಲೈವ್ ಶೋಗಳ ಲೈಟಿಂಗ್ ಕಲಿಯಲು ಬರುವವರು ಮೊದಲು ಕೇಳುವ ಪ್ರಶ್ನೆ ಒಂದೇ. ಯಾವ ಮೂವಿಂಗ್ ಹೆಡ್ (ತಲೆ ತಿರುಗಿಸಿ ಬೇಕಾದ ಕಡೆ ಬೆಳಕು ಬೀರುವ ಲೈಟ್) ತಗೋಬೇಕು, ಎಷ್ಟು ಬೇಕು? ಆ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡಿ. ಎಂಟು ಲೈಟ್ ಸರಿಯಾದ ಜಾಗದಲ್ಲಿದ್ದರೆ ಶೋ ಚೆನ್ನಾಗಿಯೇ ನಡೆಯುತ್ತದೆ. ನಲವತ್ತು ಲೈಟ್ ಇದ್ದೂ ಹಾಡುವವರ ಮುಖ ಕಾಣದಿದ್ದರೆ ಅದು ಲೈಟ್ ಅಂಗಡಿಯ ಪ್ರದರ್ಶನ ಅಷ್ಟೇ. ನನ್ನ ಪ್ರಕಾರ ಈ ಕೆಲಸದ ಮುಕ್ಕಾಲು ಪಾಲು ಮೊದಲ ಲೈಟ್ ಆನ್ ಆಗುವ ಮುಂಚೆಯೇ ಮುಗಿದಿರಬೇಕು. ಕಾಗದದ ಮೇಲೆ, ಕರೆಂಟ್ ಲೆಕ್ಕದಲ್ಲಿ, ಟ್ರಸ್ (ಲೈಟ್ ನೇತುಹಾಕುವ ಲೋಹದ ಚೌಕಟ್ಟು) ಮೇಲಿನ ತೂಕದಲ್ಲಿ. ಲೈಟ್‌ಗಳನ್ನು ನಡೆಸುವ ಕನ್ಸೋಲ್ ಮುಂದೆ ನಿಂತು ಬಟನ್ ಒತ್ತುವುದು ಉಳಿದ ಕಾಲು ಭಾಗ. ಜನರ ಕಣ್ಣಿಗೆ ಬೀಳುವುದು ಅದೊಂದೇ ಆದ್ದರಿಂದ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ.

ಇಲ್ಲಿರುವುದು ಸಣ್ಣ ಮತ್ತು ಮಧ್ಯಮ ಗಾತ್ರದ ಶೋಗಳಿಗೆ ಹೊಂದುವ ಮಾತು. ಮೇನ್ ಸಪ್ಲೈಗೆ ವೈರ್ ಕೊಡುವುದು, ಮೇಲ್ಛಾವಣಿಗೆ ಭಾರ ನೇತುಹಾಕುವುದು, ಇವೆರಡನ್ನೂ ಅರ್ಹತೆ ಇರುವ ಎಲೆಕ್ಟ್ರಿಷಿಯನ್ ಮತ್ತು ರಿಗ್ಗರ್ ಮಾಡಬೇಕು. ಓದಿಕೊಂಡು ನೀವೇ ಮಾಡಲು ಹೋಗಬೇಡಿ. ಆದರೆ ಅವರು ಮಾಡುತ್ತಿರುವುದು ನಿಮಗೆ ಅರ್ಥ ಆಗಬೇಕು. ಇಲ್ಲದಿದ್ದರೆ ಸರಿಯಾದ ಪ್ರಶ್ನೆ ಕೇಳುವುದಕ್ಕೂ ಬರುವುದಿಲ್ಲ.

ಜಾಗ ನೋಡಿ ಬನ್ನಿ

ಫೋಟೋ ನೋಡಿ ಪ್ಲಾನ್ ಮಾಡಬೇಡಿ. ಅಳತೆ ಟೇಪ್ ಹಿಡಿದು ಹೋಗಿ. ಸ್ಟೇಜಿನ ಅಗಲ, ಆಳ, ನೆಲದಿಂದ ಸ್ಟೇಜಿನ ಎತ್ತರ, ಸ್ಟೇಜಿನಿಂದ ಛಾವಣಿಗೆ ಎಷ್ಟು. ಛಾವಣಿಯಲ್ಲಿ ನೇತುಹಾಕುವ ಪಾಯಿಂಟ್ ಇದ್ದರೆ ಪ್ರತಿ ಪಾಯಿಂಟ್ ಎಷ್ಟು ಕಿಲೋ ತಡೆಯುತ್ತದೆ ಎಂಬ ಲಿಖಿತ ದಾಖಲೆ ಕೇಳಿ. "ಹೋದ ಸಲ ಇಷ್ಟೇ ಹಾಕಿದ್ದರು, ಏನೂ ಆಗಲಿಲ್ಲ" ಎಂಬುದು ದಾಖಲೆ ಅಲ್ಲ. ಲಾರಿ ಎಲ್ಲಿ ನಿಲ್ಲುತ್ತದೆ, ಬಾಗಿಲು ಎಷ್ಟು ಅಗಲ, ಮೆಟ್ಟಿಲು ಇದೆಯಾ ನೋಡಿ. ಫ್ಲೈಟ್ ಕೇಸ್ ಬಾಗಿಲಲ್ಲಿ ತೂರದೆ ಅರ್ಧ ದಿನ ಹೋಗುವುದು ಅಪರೂಪ ಏನಲ್ಲ. ಕರೆಂಟ್ ಪಾಯಿಂಟ್ ಎಲ್ಲಿದೆ, ಎಷ್ಟು ಆಂಪ್, ಸ್ಮೋಕ್ ಡಿಟೆಕ್ಟರ್ ಇದೆಯಾ, ಅದನ್ನು ನೋಡಿಕೊಳ್ಳುವವರು ಯಾರು, ಇಷ್ಟನ್ನೂ ಅಲ್ಲೇ ಬರೆದುಕೊಳ್ಳಿ.

ಬಯಲು ಜಾಗವಾದರೆ ಸೂರ್ಯ ಮುಳುಗುವ ಹೊತ್ತು ತಿಳಿದಿರಲೇಬೇಕು. ಬೆಳಕಿರುವಾಗ ಎಷ್ಟು ದೊಡ್ಡ ಲೈಟ್ ಹಾಕಿದರೂ ಏನೂ ಕಾಣುವುದಿಲ್ಲ. ಫೋಕಸ್ ಮಾಡಲೂ, ಅಂದರೆ ಪ್ರತಿ ಲೈಟನ್ನು ಸರಿಯಾದ ಜಾಗಕ್ಕೆ ತಿರುಗಿಸಲೂ, ಆಗುವುದಿಲ್ಲ. ಸಂಜೆ ಶೋ ಇದ್ದರೆ ಹಿಂದಿನ ರಾತ್ರಿ ಫೋಕಸ್‌ಗೆ ಸಮಯ ಕೇಳಿ. ಆಯೋಜಕರಿಗೆ ಇದು ಅನಗತ್ಯ ಖರ್ಚು ಅನ್ನಿಸುತ್ತದೆ. ಬಿಡಬೇಡಿ.

ಬ್ಯಾಂಡ್ ಕಡೆಯಿಂದ ಟೆಕ್ ರೈಡರ್ (ಅವರಿಗೆ ಬೇಕಾದ ತಾಂತ್ರಿಕ ಸೌಲಭ್ಯಗಳ ಪಟ್ಟಿ), ಸ್ಟೇಜ್ ಪ್ಲಾಟ್ (ಯಾರು ಎಲ್ಲಿ ನಿಲ್ಲುತ್ತಾರೆ ಎಂಬ ನಕ್ಷೆ) ತರಿಸಿಕೊಳ್ಳಿ. ಡ್ರಮ್ಸ್ ಎಲ್ಲಿ, ಹಾಡುವವರು ಎಲ್ಲಿ, ಯಾರು ಓಡಾಡುತ್ತಾರೆ, ಯಾರು ಕೂತೇ ಇರುತ್ತಾರೆ. ಹಾಡಿನ ಪಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು. ಕ್ಯಾಮೆರಾ ಶೂಟ್ ಇದೆಯಾ, ಹಿಂದೆ ಎಲ್‌ಇಡಿ ವಾಲ್ ಇದೆಯಾ, ಈ ಎರಡು ಪ್ರಶ್ನೆಗೆ ಮೊದಲ ದಿನವೇ ಉತ್ತರ ಬೇಕು. ಅವೆರಡೂ ನಿಮ್ಮ ಪ್ಲಾನನ್ನೇ ಬದಲಿಸುತ್ತವೆ.

ಕರೆಂಟ್

ಇದನ್ನು ಬೇಜಾರಿನ ವಿಷಯ ಅಂತ ಹಾರಿಸಬೇಡಿ. ಶೋ ನಡುವೆ ಕತ್ತಲಾಗುವುದಕ್ಕೆ ಹೆಚ್ಚಿನ ಸಲ ಕಾರಣ ಇಲ್ಲೇ ಇರುತ್ತದೆ.

ಲೆಕ್ಕ ಸುಲಭ. ವ್ಯಾಟ್ ಅಂದರೆ ವೋಲ್ಟ್ ಗುಣಿಸು ಆಂಪ್. 230 ವೋಲ್ಟ್ ಸಪ್ಲೈಯಲ್ಲಿ 16 ಆಂಪ್ ಲೈನ್ ಕೊಡುವುದು 3,680 ವ್ಯಾಟ್. ಗಂಟೆಗಟ್ಟಲೆ ಓಡುವ ಲೋಡ್ ಆದ್ದರಿಂದ ಅದರ 80 ಶೇಕಡಾಕ್ಕೆ ನಿಲ್ಲಿಸಿ, ಸುಮಾರು 2,900 ವ್ಯಾಟ್. 120 ವೋಲ್ಟ್ ಇರುವ ದೇಶಗಳಲ್ಲಿ ಅಷ್ಟೇ ವ್ಯಾಟ್‌ಗೆ ಹತ್ತಿರ ಹತ್ತಿರ ಎರಡು ಪಟ್ಟು ಆಂಪ್ ಬೇಕಾಗುತ್ತದೆ.

ಒಂದು ಉದಾಹರಣೆ ಹಾಕೋಣ. 24 ಎಲ್‌ಇಡಿ ಪಾರ್ (ಬಣ್ಣ ಹರಡುವ, ತಿರುಗದ ಲೈಟ್), ಒಂದಕ್ಕೆ 150 ವ್ಯಾಟ್, ಒಟ್ಟು 3,600. ಮೂವಿಂಗ್ ಹೆಡ್ 12, ತಲಾ 450, ಒಟ್ಟು 5,400. ಜನರ ಕಡೆ ಜೋರಾಗಿ ಮಿಂಚುವ ಎರಡು ಬಲ್ಬಿನ ಬ್ಲೈಂಡರ್ 4, ಒಂದಕ್ಕೆ 1,300, ಒಟ್ಟು 5,200. ತೆಳು ಹೊಗೆ ಹರಡುವ ಎರಡು ಹೇಜ್ ಮಷಿನ್‌ಗೆ 2,000 ಅಂತಿಟ್ಟುಕೊಳ್ಳಿ. ಎಲ್ಲ ಸೇರಿ 16,200 ವ್ಯಾಟ್, ಅಂದರೆ 230 ವೋಲ್ಟ್‌ನಲ್ಲಿ ಸುಮಾರು 70 ಆಂಪ್. ತ್ರೀ ಫೇಸ್‌ಗೆ ಹಂಚಿದರೆ ಪ್ರತಿ ಫೇಸ್‌ಗೆ ಸುಮಾರು 23.5 ಆಂಪ್. 32 ಆಂಪ್ ತ್ರೀ ಫೇಸ್ ಸಪ್ಲೈಯ 80 ಶೇಕಡಾ 25.6, ಹಾಗಾಗಿ ಸಾಕಾಗುತ್ತದೆ, ಆದರೆ ಆಮೇಲೆ ಯಾರಾದರೂ ಬಂದು "ಇನ್ನೊಂದು ನಾಲ್ಕು ಲೈಟ್ ಸೇರಿಸೋಣ" ಅಂದರೆ ಜಾಗ ಇಲ್ಲ.

ಇಲ್ಲೇ ಒಂದು ಮೋಸ ಇದೆ. ಮೂವಿಂಗ್ ಹೆಡ್ ಎಲ್ಲ ಒಂದು ಫೇಸ್, ಬ್ಲೈಂಡರ್ ಎಲ್ಲ ಇನ್ನೊಂದು, ಪಾರ್ ಮತ್ತು ಹೇಜ್ ಮೂರನೆಯದು ಅಂತ ಹಂಚಿದರೆ ಕಾಗದದಲ್ಲಿ 5,400, 5,200, 5,600, ಎಷ್ಟು ಚಂದ ಸಮ ಇದೆ ಅಲ್ವಾ? ಆದರೆ ಬ್ಲೈಂಡರ್ ಇಡೀ ಶೋನಲ್ಲಿ ಹೊತ್ತಿಕೊಳ್ಳುವುದು ಕೆಲವೇ ಸೆಕೆಂಡು. ಉಳಿದ ಹೊತ್ತೆಲ್ಲ ಒಂದು ಫೇಸ್ ಖಾಲಿ, ಎರಡು ಪೂರ್ತಿ ತುಂಬಿರುತ್ತವೆ. ಅದಕ್ಕೆ ಪ್ರತಿ ಬಗೆಯ ಲೈಟನ್ನೂ ಮೂರೂ ಫೇಸಿಗೆ ಹಂಚಿ. ಪ್ರತಿ ಫೇಸ್‌ಗೆ 4 ಮೂವಿಂಗ್ ಹೆಡ್, 8 ಪಾರ್. ಬ್ಲೈಂಡರ್ ನಾಲ್ಕೇ ಇರುವುದರಿಂದ ಒಂದು ಫೇಸ್‌ಗೆ ಎರಡು ಹೋಗುತ್ತವೆ, ಆ ಫೇಸ್ ಬಿಟ್ಟು ಉಳಿದ ಎರಡಕ್ಕೆ ಒಂದೊಂದು ಹೇಜ್ ಮಷಿನ್ ಕೊಡಿ. ಆಗ 5,600, 5,300, 5,300 ಬರುತ್ತದೆ. ಇನ್ನೊಂದು ಲಾಭವೂ ಇದೆ: ಒಂದು ಫೇಸ್ ಹೋದರೂ ಸ್ಟೇಜ್ ಪೂರ್ತಿ ಕತ್ತಲಾಗುವುದಿಲ್ಲ.

ನ್ಯೂಟ್ರಲ್ ಬಗ್ಗೆ ಎರಡು ಮಾತು. ತ್ರೀ ಫೇಸ್ ಲೈನಿನಲ್ಲಿ ನ್ಯೂಟ್ರಲ್ ಕಳಚಿದರೆ ಎರಡು ಫೇಸ್‌ಗಳ ನಡುವಿನ 400 ವೋಲ್ಟ್ ಲೋಡ್‌ಗಳ ನಡುವೆ ಅಡ್ಡಾದಿಡ್ಡಿ ಹಂಚಿಹೋಗುತ್ತದೆ. ಕಡಿಮೆ ಲೋಡ್ ಇರುವ ಕಡೆ ವೋಲ್ಟೇಜ್ ಏರಿ ಕನ್ಸೋಲ್, ಆಂಪ್ಲಿಫೈಯರ್, ಲೈಟ್ ಎಲ್ಲ ಒಂದೇ ಏಟಿಗೆ ಸುಟ್ಟುಹೋಗಬಹುದು. ಹಾಗಾಗಿ ಬಿಡಿ ಬಿಡಿ ಕೇಬಲ್ ಜೋಡಿಸುವಾಗ ಮೊದಲು ಅರ್ಥ್, ಆಮೇಲೆ ನ್ಯೂಟ್ರಲ್, ಕೊನೆಗೆ ಫೇಸ್. ಬಿಚ್ಚುವಾಗ ಇದರ ಉಲ್ಟಾ. ಎಲೆಕ್ಟ್ರಿಷಿಯನ್ ಮೀಟರ್ ಇಟ್ಟು ವೋಲ್ಟೇಜ್ ನೋಡಿ ಸರಿ ಅನ್ನುವವರೆಗೆ ಒಂದು ಲೈಟನ್ನೂ ಪ್ಲಗ್ ಮಾಡಬೇಡಿ. ಎಲ್‌ಇಡಿ ಲೈಟ್‌ಗಳ ಪವರ್ ಸಪ್ಲೈಗಳು ಹಾರ್ಮೋನಿಕ್ಸ್, ಅಂದರೆ ಮೂಲ ಫ್ರೀಕ್ವೆನ್ಸಿಯ ಗುಣಕಗಳಲ್ಲಿ ಹರಿಯುವ ಕರೆಂಟ್, ಹುಟ್ಟಿಸುತ್ತವೆ. ಅವುಗಳಲ್ಲಿ ಕೆಲವು ನ್ಯೂಟ್ರಲ್‌ನಲ್ಲಿ ಒಂದನ್ನೊಂದು ರದ್ದು ಮಾಡದೆ ಕೂಡಿಕೊಳ್ಳುತ್ತವೆ. ಅದಕ್ಕೇ ಸಣ್ಣ ನ್ಯೂಟ್ರಲ್ ವೈರ್ ಬಿಸಿಯಾಗುವುದು.

ಜನರೇಟರ್ ಆದರೆ ಕೆವಿಎ ನೋಡಿ ಮೋಸ ಹೋಗಬೇಡಿ. ಪವರ್ ಫ್ಯಾಕ್ಟರ್ 0.8 ಇದ್ದರೆ 100 ಕೆವಿಎ ಅಂದರೆ 80 ಕಿಲೋವ್ಯಾಟ್. ಸೌಂಡ್‌ಗೆ ಬೇರೆ ಲೈನ್ ಕೊಡಿ. ಸ್ಪೀಕರ್‌ನಲ್ಲಿ ಗುಂಯ್ ಅನ್ನುವ ಹಮ್ ಬಂತು ಅಂತ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವವರನ್ನು ಹತ್ತಿರಕ್ಕೂ ಸೇರಿಸಬೇಡಿ. ಆ ಹಮ್‌ಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಅಥವಾ ಡಿಐ ಬಾಕ್ಸ್‌ನ (ವಾದ್ಯದ ಸಿಗ್ನಲನ್ನು ಮಿಕ್ಸರಿಗೆ ಕೊಡುವ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ. ಅದು ಸಿಗ್ನಲ್ ಗ್ರೌಂಡನ್ನು ಬಿಡಿಸುತ್ತದೆ, ಮೇನ್ ಅರ್ಥನ್ನು ಅಲ್ಲ. ಮೈಕ್ ಹಿಡಿದವರ ಜೀವ ಉಳಿಸುವುದು ಆ ಅರ್ಥ್ ಪಿನ್. ಜನ ಮುಟ್ಟುವ ಕಡೆಯ ಲೈನುಗಳಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇರಲಿ. ಡ್ರಮ್ಮಿಗೆ ಸುತ್ತಿದ ಎಕ್ಸ್‌ಟೆನ್ಷನ್ ಕೇಬಲನ್ನು ಪೂರ್ತಿ ಬಿಚ್ಚಿಯೇ ಬಳಸಿ. ಸುತ್ತಿದ ಹಾಗೇ ಜಾಸ್ತಿ ಲೋಡ್ ಎಳೆದರೆ ಒಳಗಿನ ಸುತ್ತುಗಳು ಬಿಸಿಯಾಗಿ ಕರಗುತ್ತವೆ. ಕನ್ಸೋಲ್ ಮತ್ತು ನೆಟ್‌ವರ್ಕ್ ಸ್ವಿಚ್‌ಗೆ ಒಂದು ಯುಪಿಎಸ್ ಇಡಿ. ಕರೆಂಟ್ ಒಂದು ಕ್ಷಣ ಹೋಗಿ ಬಂದರೆ ಲೈಟ್‌ಗಳು ಬೇಗ ಎದ್ದುಕೊಳ್ಳುತ್ತವೆ, ಕನ್ಸೋಲ್ ಬೂಟ್ ಆಗಲು ನಿಮಿಷಗಳೇ ಬೇಕು.

ಮೇಲೆ ಹಾಕುವುದು

ಒಂದು ಮೂವಿಂಗ್ ಹೆಡ್ 25 ಕಿಲೋ ಅಂದುಕೊಂಡರೆ 12ಕ್ಕೆ 300 ಕಿಲೋ. ಅದರ ಮೇಲೆ ಕ್ಲ್ಯಾಂಪ್, ಕೇಬಲ್, ಟ್ರಸ್‌ನ ಸ್ವಂತ ತೂಕ, ಅದನ್ನು ಎತ್ತುವ ಮೋಟರ್. ಕೇಬಲ್ ತೂಕವನ್ನು ಎಲ್ಲರೂ ಮರೆಯುತ್ತಾರೆ. ಟ್ರಸ್ ತಯಾರಕರ ಲೋಡ್ ಟೇಬಲ್‌ನಲ್ಲಿ ಎರಡು ಬೇರೆ ಬೇರೆ ಅಂಕಿ ಇರುತ್ತವೆ, ಉದ್ದಕ್ಕೂ ಹರಡಿದ ಲೋಡ್ ಮತ್ತು ನಡುವೆ ಒಂದೇ ಕಡೆ ನೇತುಹಾಕಿದ ಲೋಡ್. ಅಷ್ಟೇ ತೂಕವನ್ನು ಹರಡುವ ಬದಲು ನಟ್ಟನಡುವೆ ಹಾಕಿದರೆ ಟ್ರಸ್ ಬಾಗುವ ಬಲ ಎರಡು ಪಟ್ಟಾಗುತ್ತದೆ. ಎರಡು ಆಧಾರಗಳ ನಡುವಿನ ದೂರ ಜಾಸ್ತಿಯಾದಂತೆ ತಡೆಯುವ ತೂಕ ಬೇಗ ಬೇಗ ಇಳಿಯುತ್ತದೆ. ನಡುವೆ ದೊಡ್ಡ ಲೋಗೋ, ಸ್ಪೀಕರ್, ಸ್ಕ್ರೀನ್ ಹಾಕುವ ಮಾತು ಬಂದರೆ ರಿಗ್ಗರ್ ಹತ್ತಿರ ಮತ್ತೆ ಲೆಕ್ಕ ಮಾಡಿಸಿ.

ಪ್ರತಿ ಲೈಟಿಗೂ ಉಕ್ಕಿನ ಸೇಫ್ಟಿ ವೈರ್. ಕ್ಲ್ಯಾಂಪ್ ಕಳಚಿದರೆ ಹಿಡಿಯಲು ಇರುವುದು ಅದು, ಹಾಗಾಗಿ ಸಡಿಲ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಮೋಟರ್ ಓಡುವಾಗ ಕೆಳಗೆ ಯಾರೂ ನಿಲ್ಲಬಾರದು, ಆದೇಶ ಕೊಡುವವರು ಒಬ್ಬರೇ ಇರಬೇಕು. ಮೇಲೆ ಹೋಗುವವರ ಸ್ಪ್ಯಾನರ್ ಕೂಡ ದಾರಕ್ಕೆ ಕಟ್ಟಿರಬೇಕು. ಮೂವಿಂಗ್ ಹೆಡ್‌ಗಳ ಪ್ಯಾನ್ (ಅಡ್ಡ ತಿರುಗುವ) ಮತ್ತು ಟಿಲ್ಟ್ (ಮೇಲೆ ಕೆಳಗೆ ಬಾಗುವ) ಲಾಕನ್ನು ಟ್ರಸ್ ಏರಿಸುವ ಮುಂಚೆ ಬಿಚ್ಚಿ. ಮೇಲೆ ಹೋದಮೇಲೆ ಒಂದು ಲಾಕ್ ಹಾಗೇ ಉಳಿದಿದೆ ಅಂತ ಗೊತ್ತಾದರೆ ಇಡೀ ಟ್ರಸ್ ಇಳಿಸಬೇಕು. ಅದಕ್ಕೆ ಎದೆಮಟ್ಟದಲ್ಲಿ ಇರುವಾಗಲೇ ಪವರ್, ಡೇಟಾ ಕೊಟ್ಟು ಪ್ರತಿ ಲೈಟನ್ನೂ ಆಡಿಸಿ ನೋಡಿ. ಈ ಒಂದು ಅಭ್ಯಾಸ ಉಳಿಸುವಷ್ಟು ಸಮಯವನ್ನು ಯಾವ ದುಬಾರಿ ಉಪಕರಣವೂ ಉಳಿಸುವುದಿಲ್ಲ.

ಬಯಲಿನಲ್ಲಿ ಗಾಳಿಯೇ ದೊಡ್ಡ ಶತ್ರು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟು. ಛಾವಣಿ ಬಟ್ಟೆ, ಹಿಂದಿನ ಪರದೆ, ಬದಿಯ ಬ್ಯಾನರ್, ಎಲ್ಲವೂ ಹಡಗಿನ ಹಾಯಿಯ ಹಾಗೆ ಗಾಳಿ ಹಿಡಿಯುತ್ತವೆ. 2011ರ ಆಗಸ್ಟ್ 13ರಂದು ಅಮೆರಿಕದ ಇಂಡಿಯಾನಾ ಸ್ಟೇಟ್ ಫೇರ್‌ನಲ್ಲಿ ಮುಖ್ಯ ಬ್ಯಾಂಡ್ ಸ್ಟೇಜಿಗೆ ಬರುವ ಮುಂಚೆ ಗಾಳಿಯ ಹೊಡೆತಕ್ಕೆ ಸ್ಟೇಜಿನ ತಾತ್ಕಾಲಿಕ ಛಾವಣಿ ಕುಸಿದು 7 ಜನ ಸತ್ತರು. ಬಿರುಗಾಳಿಯ ಎಚ್ಚರಿಕೆ ಮೊದಲೇ ಇತ್ತು. ಶೋ ನಿಲ್ಲಿಸುವ ಅಧಿಕಾರ ಯಾರದ್ದು ಎಂಬುದೇ ಸ್ಪಷ್ಟ ಇರಲಿಲ್ಲ ಎಂದು ಆಮೇಲಿನ ತನಿಖೆ ಹೇಳಿತು. ಹಾಗಾಗಿ ಎಷ್ಟು ವೇಗಕ್ಕೆ ಪರದೆ ಇಳಿಸಬೇಕು, ಎಷ್ಟು ವೇಗಕ್ಕೆ ಜನರನ್ನು ಹೊರಗೆ ಕಳಿಸಬೇಕು, ತೀರ್ಮಾನ ಯಾರದ್ದು, ಇವನ್ನು ಸ್ಟ್ರಕ್ಚರ್ ಎಂಜಿನಿಯರ್ ಕೊಟ್ಟ ಅಂಕಿಗಳ ಜೊತೆ ಮೊದಲೇ ಬರೆದಿಡಿ. ಗಾಳಿ ಅಳೆಯುವ ಮೀಟರ್ ಛಾವಣಿಯ ಎತ್ತರದಲ್ಲಿರಲಿ. ನೆಲದ ಮೇಲೆ ಗಾಳಿ ಯಾವಾಗಲೂ ಕಡಿಮೆಯೇ ಕಾಣುತ್ತದೆ.

ಮೊದಲು ಮುಖ, ಆಮೇಲೆ ಉಳಿದದ್ದು

1930ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಸ್ಟ್ಯಾನ್ಲಿ ಮೆಕ್ಯಾಂಡ್ಲೆಸ್ ರಂಗಭೂಮಿಗೆ ಒಂದು ಸರಳ ಪದ್ಧತಿ ಕೊಟ್ಟರು. ನಟರ ಎಡಕ್ಕೊಂದು ಬಲಕ್ಕೊಂದು ಲೈಟ್, ಎರಡೂ 45 ಡಿಗ್ರಿ ಬದಿಯಿಂದ, 45 ಡಿಗ್ರಿ ಮೇಲಿನಿಂದ, ಒಂದು ಬೆಚ್ಚನೆಯ ಬಣ್ಣ, ಇನ್ನೊಂದು ತಣ್ಣನೆಯದು. ಕನ್ಸರ್ಟಿಗೂ ಇದೇ ತಳಹದಿ ಸಾಕು. ಎರಡೂ ಬದಿ ಒಂದೇ ಬಿಳಿ ಇಟ್ಟುಕೊಂಡರೂ ನಡೆಯುತ್ತದೆ.

ಕೋನದ ಲೆಕ್ಕವನ್ನು ಸೈಟಿನಲ್ಲೇ ಮಾಡಬಹುದು. ಮುಂದಿನ ಟ್ರಸ್ ನೆಲದಿಂದ 6 ಮೀಟರ್ ಎತ್ತರ ಇದೆ ಅನ್ನಿ. ಸ್ಟೇಜ್ 1.2 ಮೀಟರ್, ಅದರ ಮೇಲೆ ಮುಖ 1.6 ಮೀಟರ್, ಒಟ್ಟು 2.8. ವ್ಯತ್ಯಾಸ 3.2 ಮೀಟರ್. ಹಾಡುವವರಿಂದ 3.2 ಮೀಟರ್ ಮುಂದೆ ಟ್ರಸ್ ಇದ್ದರೆ 45 ಡಿಗ್ರಿ, ಸುಮಾರು 4.6 ಮೀಟರ್ ಮುಂದೆ ಇದ್ದರೆ 35 ಡಿಗ್ರಿ. ಈ ಎರಡರ ನಡುವೆ ಎಲ್ಲಿ ಬಂದರೂ ಒಳ್ಳೆಯದೇ. ಇನ್ನೂ ಹತ್ತಿರ ತಂದರೆ ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು. ಟೋಪಿ ಹಾಕಿದ್ದರಂತೂ ಮುಖವೇ ಮಾಯ. ತೀರಾ ದೂರ ಹೋಗಿ ಚಪ್ಪಟೆಯಾಗಿ ಹೊಡೆದರೆ ಹಿಂದಿನ ಪರದೆ ಮೇಲೆ ನೆರಳು ಬೀಳುತ್ತದೆ, ಹಾಡುವವರಿಗೆ ಕಣ್ಣು ಬಿಡಲಾಗುವುದಿಲ್ಲ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ ಎಂಬುದೂ ನೆನಪಿರಲಿ. 5 ಮೀಟರ್‌ನಲ್ಲಿ ಜೋರಾಗಿ ಕಂಡ ಲೈಟ್ 10 ಮೀಟರ್‌ನಲ್ಲಿ ಪೇಲವ.

ಮುಖ ಆದಮೇಲೆ ಬ್ಯಾಕ್ ಲೈಟ್. ನನಗೆ ಕೇಳಿದರೆ ಕನ್ಸರ್ಟಿನ ಅಂದವೆಲ್ಲ ಇರುವುದು ಇದರಲ್ಲೇ. ಹಿಂದಿನಿಂದ ಮೇಲಿನಿಂದ ಬರುವ ಬೆಳಕು ತಲೆ, ಭುಜದ ಅಂಚನ್ನು ಬೆಳಗಿಸಿ ಕಲಾವಿದರನ್ನು ಹಿನ್ನೆಲೆಯಿಂದ ಬಿಡಿಸುತ್ತದೆ. ಗಾಢ ಬಣ್ಣಗಳನ್ನೆಲ್ಲ ಇಲ್ಲಿ ಹಾಕಿ, ಮುಖಕ್ಕೆ ಬಿಳಿ ಅಥವಾ ತೆಳು ಬಣ್ಣ ಸಾಕು. ಹಸಿರನ್ನು ಮುಖಕ್ಕೆ ಹೊಡೆಯಬೇಡಿ. ಜ್ವರ ಬಂದವರ ಹಾಗೆ ಕಾಣುತ್ತಾರೆ ಎಂದು ಫೋಟೋ ನೋಡಿದ ಮೇಲೆ ಬಯ್ಯುತ್ತಾರೆ. ಒಂದು ಹೊತ್ತಿಗೆ ಎರಡು ಬಣ್ಣ, ಹೆಚ್ಚೆಂದರೆ ಮೂರು. ನೃತ್ಯ ಇದ್ದರೆ ಬದಿಯ ಲೈಟ್‌ಗೆ ಖರ್ಚು ಮಾಡಿ. ಕೈಕಾಲಿನ ಆಕಾರ ಕಾಣುವುದು ಬದಿಯ ಬೆಳಕಿನಿಂದಲೇ.

ಬೀಮ್‌ಗಳು ಗಾಳಿಯಲ್ಲಿ ಕಾಣಬೇಕಾದರೆ ಹೇಜ್ ಬೇಕು. ಹೇಜ್ ಬೇರೆ, ಫಾಗ್ ಬೇರೆ. ಹೇಜ್ ಅಂದರೆ ಇಡೀ ಜಾಗಕ್ಕೆ ತೆಳುವಾಗಿ ಹರಡಿ ನಿಲ್ಲುವುದು, ಫಾಗ್ ಅಂದರೆ ದಟ್ಟ ಹೊಗೆಯ ಉಂಡೆ. ಮಷಿನನ್ನು ಗಾಳಿ ಬರುವ ಕಡೆ ಇಟ್ಟು ಫ್ಯಾನ್‌ನಿಂದ ಹರಡಿ, ಶೋಗೆ ಸಾಕಷ್ಟು ಮುಂಚೆ ಶುರು ಮಾಡಿ. ಒಳಾಂಗಣದಲ್ಲಿ ಸ್ಮೋಕ್ ಡಿಟೆಕ್ಟರ್ ಬಂದ್ ಮಾಡುವ ಅಧಿಕಾರ ಆ ಜಾಗದ ಜವಾಬ್ದಾರಿ ಹೊತ್ತವರಿಗೆ ಮಾತ್ರ. ಬಂದ್ ಇರುವಷ್ಟು ಹೊತ್ತು ಬೆಂಕಿ ಕಾವಲಿಗೆ ಒಬ್ಬರು ಇರಬೇಕು, ಮುಗಿದ ಮೇಲೆ ಮತ್ತೆ ಆನ್ ಆಗಿದೆಯೇ ನೋಡಬೇಕು. ಡಿಟೆಕ್ಟರಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ಸುಮ್ನೆ ಇರುವುದು ಉಪಾಯ ಅಲ್ಲ.

ಒಳಾಂಗಣದಲ್ಲಿ ಬೆಂಕಿ ಕಿಡಿಯ ಪೈರೋ ಕೇಳಿದರೆ ನನ್ನ ಉತ್ತರ ಬೇಡ ಎಂದೇ. 2003ರ ಫೆಬ್ರವರಿ 20ರಂದು ಅಮೆರಿಕದ ರೋಡ್ ಐಲ್ಯಾಂಡ್‌ನ ಒಂದು ನೈಟ್‌ಕ್ಲಬ್‌ನಲ್ಲಿ ಸ್ಟೇಜಿನ ಪೈರೋ ಕಿಡಿ ಗೋಡೆಯ ಫೋಮ್‌ಗೆ ತಗುಲಿ 100 ಜನ ಸತ್ತರು. ಲೇಸರ್ ವಿಷಯವೂ ಅಷ್ಟೇ, ಪರಿಣತರು ಇಲ್ಲದೆ ಜನರ ಕಡೆ ತಿರುಗಿಸಬೇಡಿ. ಕಣ್ಣಿಗೂ ಅಪಾಯ, ಕ್ಯಾಮೆರಾ ಸೆನ್ಸರ್‌ಗೂ ಅಪಾಯ.

ಡಿಎಂಎಕ್ಸ್

ಕನ್ಸೋಲಿನಿಂದ ಲೈಟ್‌ಗಳಿಗೆ ಆದೇಶ ಕಳಿಸಲು 1986ರಲ್ಲಿ ಅಮೆರಿಕದ ರಂಗ ತಂತ್ರಜ್ಞಾನ ಸಂಸ್ಥೆ ಯುಎಸ್‌ಐಟಿಟಿ ಮಾಡಿದ ಡಿಎಂಎಕ್ಸ್512 ಇಂದಿಗೂ ಎಲ್ಲ ಲೈಟ್‌ಗಳ ಸಾಮಾನ್ಯ ಭಾಷೆ. ಒಂದು ಲೈನಿಗೆ, ಅಂದರೆ ಒಂದು ಯೂನಿವರ್ಸ್‌ಗೆ, 512 ಚಾನೆಲ್. ಪ್ರತಿ ಚಾನೆಲ್ ಲೈಟಿನ ಒಂದು ಗುಣವನ್ನು (ಬೆಳಕು, ಬಣ್ಣ, ಪ್ಯಾನ್) ನಡೆಸುತ್ತದೆ, ಅದರ ಬೆಲೆ 0ಯಿಂದ 255. ಪ್ಯಾನ್, ಟಿಲ್ಟ್‌ನಂಥವಕ್ಕೆ 256 ಹಂತ ಸಾಲದು, ಜರ್ಕ್ ಹೊಡೆಯುತ್ತದೆ. ಅದಕ್ಕೇ ಎರಡು ಚಾನೆಲ್ ಸೇರಿಸಿ 65,536 ಹಂತ ಮಾಡುತ್ತಾರೆ.

ಅಡ್ರೆಸ್ ಅಂದರೆ ಆ ಲೈಟಿನ ಮೊದಲ ಚಾನೆಲ್. ಲೈಟ್ 16 ಚಾನೆಲ್ ಮೋಡ್‌ನಲ್ಲಿದ್ದರೆ ಮೊದಲನೆಯದು 1, ಎರಡನೆಯದು 17, ಮೂರನೆಯದು 33. ಒಂದು ಯೂನಿವರ್ಸ್‌ನಲ್ಲಿ ಇಂಥವು 32 ಹಿಡಿಸುತ್ತವೆ. 38 ಚಾನೆಲ್‌ನ ಮೂವಿಂಗ್ ಹೆಡ್ ಆದರೆ 13 ಮಾತ್ರ. ಕನ್ಸೋಲ್ ಪ್ಯಾಚ್‌ನಲ್ಲಿ (ಯಾವ ಲೈಟ್ ಯಾವ ಅಡ್ರೆಸ್‌ನಲ್ಲಿದೆ ಎಂಬ ಪಟ್ಟಿ) ಒಂದು ಮೋಡ್, ಲೈಟಿನ ಮೆನುವಿನಲ್ಲಿ ಇನ್ನೊಂದು ಮೋಡ್ ಇದ್ದರೆ ಡಿಮ್ಮರ್ ಎತ್ತಿದಾಗ ಗೋಬೋ (ಬೆಳಕಿಗೆ ಚಿತ್ತಾರ ಕೊಡುವ ತಟ್ಟೆ) ತಿರುಗುತ್ತದೆ. ಲೈಟ್ ಹುಚ್ಚುಹುಚ್ಚಾಗಿ ಆಡಿದರೆ ಕೇಬಲ್ ಬಯ್ಯುವ ಮುಂಚೆ ಮೋಡ್ ನೋಡಿ.

ಕೇಬಲ್ ನಿಯಮ ಹೀಗೆ. ಒಂದು ಲೈಟಿನ ಔಟ್‌ನಿಂದ ಮುಂದಿನದರ ಇನ್‌ಗೆ, ಸರಪಳಿಯಾಗಿ. ನಡುವೆ ವೈ ಕೇಬಲ್ ಹಾಕಿ ಕವಲು ಒಡೆಯಬೇಡಿ. ಕವಲು ಬೇಕಿದ್ದರೆ ಆಪ್ಟೊ ಸ್ಪ್ಲಿಟರ್ ಇದೆ. ಒಂದು ಸರಪಳಿಗೆ 32 ಲೈಟ್ ಮಿತಿ, ನಾನಾದರೆ ಅದಕ್ಕಿಂತ ಸಾಕಷ್ಟು ಕಡಿಮೆಗೆ ನಿಲ್ಲಿಸುತ್ತೇನೆ. ಕೊನೆಯ ಲೈಟಿನ ಔಟ್‌ಗೆ 120 ಓಮ್ ಟರ್ಮಿನೇಟರ್. ಅದಿಲ್ಲದಿದ್ದರೆ ಸಿಗ್ನಲ್ ತುದಿಗೆ ಬಡಿದು ವಾಪಸ್ ಬಂದು ಲೈಟ್‌ಗಳು ಮಿಣಮಿಣ ಅನ್ನುತ್ತವೆ, ಅದೂ ಪ್ರಾಕ್ಟೀಸ್‌ನಲ್ಲಿ ಸರಿಯಿದ್ದು ಶೋನಲ್ಲೇ. ಮೈಕ್ ಕೇಬಲ್ ನೋಡಲು ಒಂದೇ ಥರ ಇದ್ದರೂ ಅದರ ಇಂಪೀಡೆನ್ಸ್ ಬೇರೆ. ಹತ್ತಿರದ ಎರಡು ಲೈಟಿಗೆ ನಡೆದುಹೋಗಬಹುದು, ದೂರಕ್ಕೆ ನಂಬಬೇಡಿ. ನಿಯಮದ ಪ್ರಕಾರ 5 ಪಿನ್ ಎಕ್ಸ್‌ಎಲ್‌ಆರ್ ಬೇಕು, ಅಗ್ಗದ ಲೈಟ್‌ಗಳಲ್ಲಿ 3 ಪಿನ್ ಬರುತ್ತದೆ, ಹಾಗಾಗಿ ಅಡಾಪ್ಟರ್ ಕಿಟ್‌ನಲ್ಲಿರಲಿ. ಸರಪಳಿಯಲ್ಲಿ ತೊಂದರೆ ಬಂದರೆ ಒಂದೊಂದೇ ಲೈಟ್ ನೋಡುತ್ತ ಹೋಗಬೇಡಿ. ನಟ್ಟನಡುವೆ ಬಿಚ್ಚಿ ಅಲ್ಲಿ ಟರ್ಮಿನೇಟರ್ ಹಾಕಿ. ಮೊದಲರ್ಧ ಸರಿಯಾದರೆ ತಪ್ಪು ಎರಡನೇ ಅರ್ಧದಲ್ಲಿದೆ. ಮತ್ತೆ ಅದರ ನಡುವೆ ಬಿಚ್ಚಿ.

ಯೂನಿವರ್ಸ್ ಜಾಸ್ತಿಯಾದರೆ ಆರ್ಟ್‌ನೆಟ್ ಅಥವಾ ಎಸ್‌ಎಸಿಎನ್ ಎಂಬ ಪ್ರೋಟೋಕಾಲ್ ಮೂಲಕ ನೆಟ್‌ವರ್ಕ್ ಕೇಬಲ್‌ನಲ್ಲಿ ಕಳಿಸಿ, ಸ್ಟೇಜ್ ಹತ್ತಿರ ನೋಡ್ ಇಟ್ಟು ಡಿಎಂಎಕ್ಸ್ ಮಾಡಿಕೊಳ್ಳುತ್ತಾರೆ. ಎಲ್ಲದಕ್ಕೂ ಫಿಕ್ಸೆಡ್ ಐಪಿ ಕೊಡಿ, ಕಾಗದದಲ್ಲಿ ಬರೆದು ನೋಡ್ ಮೇಲೆಯೇ ಅಂಟಿಸಿ. ಆ ಜಾಗದ ವೈಫೈಗೆ ನಿಮ್ಮ ಲೈಟಿಂಗ್ ನೆಟ್‌ವರ್ಕನ್ನು ಯಾವ ಕಾರಣಕ್ಕೂ ಸೇರಿಸಬೇಡಿ.

ಕನ್ಸೋಲ್ ಮುಂದೆ

ಗ್ರ್ಯಾಂಡ್‌ಎಂಎ, ಅವೊಲೈಟ್ಸ್, ಚಾಮ್‌ಸಿಸ್, ಇಟಿಸಿ, ಯಾವ ಕನ್ಸೋಲ್ ಆದರೂ ಸರಿ. ಕೆಲಸದ ಕ್ರಮ ಒಂದೇ. ಪ್ಯಾಚ್, ಗ್ರೂಪ್, ಪ್ಯಾಲೆಟ್ (ಹೆಸರಿಟ್ಟು ಉಳಿಸಿದ ಪೊಸಿಷನ್, ಬಣ್ಣ), ಕ್ಯೂ (ಒಂದು ಬಟನ್ ಒತ್ತಿದರೆ ಬರುವ, ಮೊದಲೇ ಉಳಿಸಿದ ಲುಕ್). ಹೊಸಬರು ಪ್ಯಾಲೆಟ್ ಹಾರಿಸಿ ನೇರ ಕ್ಯೂ ರೆಕಾರ್ಡ್ ಮಾಡುತ್ತಾರೆ. ಆಗ ಮುಂದಿನ ಊರಿನಲ್ಲಿ ಟ್ರಸ್ ಒಂದು ಮೀಟರ್ ಆಚೀಚೆ ಆದರೂ ಎಲ್ಲ ಕ್ಯೂ ತಪ್ಪು. ಪ್ಯಾಲೆಟ್ ಬಳಸಿದ್ದರೆ ಹಾಡುವವರು, ಡ್ರಮ್ಸ್, ಜನರ ಕಡೆ, ಬೀಸಣಿಗೆ, ಮೇಲಕ್ಕೆ, ಇಂಥ ಆರೆಂಟು ಪೊಸಿಷನ್ ತಿದ್ದಿದರೆ ಸಾಕು, ನೂರಾರು ಕ್ಯೂ ತಾವೇ ಸರಿಯಾಗುತ್ತವೆ. ಹಲವು ಕಂಪನಿಗಳ ಸಾಫ್ಟ್‌ವೇರ್ ಕಂಪ್ಯೂಟರಿನಲ್ಲಿ ಉಚಿತವಾಗಿ ಓಡುತ್ತದೆ. ಕಲಿಯಲೂ, ಮನೆಯಲ್ಲೇ ಕೂತು ಪ್ರೀ ಪ್ರೋಗ್ರಾಮ್ ಮಾಡಲೂ ಅಷ್ಟು ಸಾಕು.

ಹಾಡಿನ ಪಟ್ಟಿ ಗೊತ್ತಿದ್ದು, ಬ್ಯಾಂಡ್ ಕ್ಲಿಕ್ ಟ್ರ್ಯಾಕಿಗೆ (ಕಿವಿಯಲ್ಲಿ ಬರುವ ತಾಳದ ಟಿಕ್ ಟಿಕ್) ನುಡಿಸುತ್ತಿದ್ದರೆ ಟೈಮ್‌ಕೋಡ್ (ಹಾಡಿನ ಸಮಯಕ್ಕೆ ಕ್ಯೂಗಳನ್ನು ತಾನೇ ಓಡಿಸುವ ಸಿಗ್ನಲ್) ಬಳಸಬಹುದು. ಕಳಿಸುವವರ ಮತ್ತು ನಿಮ್ಮ ಫ್ರೇಮ್ ರೇಟ್ ಒಂದೇ ಇರಬೇಕು, 25 ಆದರೆ ಎರಡೂ ಕಡೆ 25. ಹಾಡಿನ ಪಟ್ಟಿ ಅಥವಾ ಕ್ಲಿಕ್ ಇಲ್ಲದಿದ್ದರೆ ಕೈಯಲ್ಲೇ ನಡೆಸಬೇಕು, ಅದನ್ನು ಬಸ್ಕಿಂಗ್ ಅನ್ನುತ್ತಾರೆ. ಅದಕ್ಕೆ ಒಂದು ಪೇಜ್ ಜೋಡಿಸಿಕೊಳ್ಳಿ. ಮುಖದ ಬಿಳಿ ಒಂದು ಫೇಡರ್‌ಗೆ, ಯಾವಾಗಲೂ ಎಡಗೈಗೆ ಸಿಗುವ ಹಾಗೆ. ಅದನ್ನು ಯಾವ ಎಫೆಕ್ಟೂ ಮುಟ್ಟಬಾರದು. ಬಣ್ಣಗಳು, ಪೊಸಿಷನ್‌ಗಳು, ನಾಲ್ಕೈದು ಚಲನೆ, ಬ್ಲೈಂಡರ್‌ಗೆ ಫ್ಲಾಶ್ ಬಟನ್, ಸ್ಪೀಡ್‌ಗೆ ಟ್ಯಾಪ್ ಬಟನ್. ಇಷ್ಟರಲ್ಲೇ ಎರಡು ಗಂಟೆ ನಡೆಸಬಹುದು.

ಮೊದಲ ಹಾಡಿಗೇ ಎಲ್ಲ ಬಿಚ್ಚಿಟ್ಟರೆ ಮೂರನೇ ಹಾಡಿಗೆ ಜನರ ಕಣ್ಣು ದಣಿದಿರುತ್ತದೆ. ಕೆಲವು ಲೈಟನ್ನು ಅರ್ಧ ಶೋವರೆಗೆ ಆನ್ ಮಾಡಲೇಬೇಡಿ. ನಿಧಾನದ ಹಾಡಿಗೆ ಮೂರು ನಾಲ್ಕು ಸೆಕೆಂಡ್ ಫೇಡ್, ಬೀಟ್ ಬಿದ್ದಲ್ಲಿ ಸೊನ್ನೆ. ಮೂವಿಂಗ್ ಹೆಡ್ ಜಾಗ ಬದಲಿಸುವುದನ್ನು ಬೆಳಕು ಆರಿರುವಾಗ ಮಾಡಿ. ಉರಿಯುತ್ತಲೇ ಸ್ಟೇಜಿನುದ್ದಕ್ಕೂ ಗೀರು ಎಳೆದು ಹೋದರೆ ತಪ್ಪಿನ ಹಾಗೆ ಕಾಣುತ್ತದೆ, ಅದು ತಪ್ಪೇ ಕೂಡ. ಪೂರ್ತಿ ಕತ್ತಲೂ ಒಂದು ಲುಕ್, ಅದನ್ನು ಬಳಸಲು ಹೆದರಬೇಡಿ.

ಸ್ಟ್ರೋಬ್ ಬಗ್ಗೆ ಎಚ್ಚರ. ಸೆಕೆಂಡಿಗೆ ಸುಮಾರು 3ರಿಂದ 30 ಮಿಂಚು ಬೆಳಕಿಗೆ ಸೂಕ್ಷ್ಮವಾಗಿರುವ ಮೂರ್ಛೆರೋಗದವರಿಗೆ ಅಪಾಯ ತರಬಹುದು. ಬಾಗಿಲಲ್ಲೇ ಎಚ್ಚರಿಕೆ ಬೋರ್ಡ್ ಹಾಕಿಸಿ, ಕೆಲವೇ ಸೆಕೆಂಡಿನ ಏಟುಗಳಲ್ಲಿ ಮುಗಿಸಿ.

ಕ್ಯಾಮೆರಾ, ವಾಲ್, ಸೌಂಡ್

ಶೂಟ್ ಇದ್ದರೆ ಮುಖದ ಎಲ್ಲ ಲೈಟ್ ಒಂದೇ ಬಿಳಿ ಇರಬೇಕು, 3,200 ಕೆಲ್ವಿನ್ ಅಥವಾ 5,600 ಕೆಲ್ವಿನ್. ಯಾವುದು ಎಂದು ಕ್ಯಾಮೆರಾದವರ ಜೊತೆ ಸೇರಿ ನಿರ್ಧರಿಸಿ. ಎಲ್‌ಇಡಿ ಲೈಟ್ ಮಂದ ಆಗುವುದು ಅತಿ ವೇಗವಾಗಿ ಆನ್ ಆಫ್ ಆಗುವುದರಿಂದ. ಆ ವೇಗ ಕಡಿಮೆ ಇದ್ದರೆ ಕ್ಯಾಮೆರಾದಲ್ಲಿ ಪಟ್ಟೆ ಓಡುತ್ತವೆ. ಒಳ್ಳೆಯ ಲೈಟ್‌ಗಳ ಮೆನುವಿನಲ್ಲಿ ಪಿಡಬ್ಲ್ಯುಎಂ ಫ್ರೀಕ್ವೆನ್ಸಿ, ಅಂದರೆ ಆ ಆನ್ ಆಫ್ ವೇಗ, ಏರಿಸುವ ಆಯ್ಕೆ ಇರುತ್ತದೆ. ಗಾಢ ನೀಲಿ ಕಣ್ಣಿಗೆ ಮಂದವಾಗಿ ಕಂಡರೂ ಕ್ಯಾಮೆರಾದಲ್ಲಿ ಉಕ್ಕಿ ಹರಿದು ಕಲೆಯಾಗುತ್ತದೆ. ಮಾನಿಟರ್ ನೋಡಿಯೇ ಇಳಿಸಿ.

ಎಲ್‌ಇಡಿ ವಾಲ್ ಇದ್ದರೆ ಅದನ್ನು ಮಂದ ಮಾಡಿಸುವುದೇ ನಿಮ್ಮ ಮೊದಲ ಜಗಳ. ಪೂರ್ತಿ ಬೆಳಕಿನಲ್ಲಿ ಬಿಟ್ಟರೆ ಮುಂದೆ ನಿಂತವರು ಕಪ್ಪು ನೆರಳಾಗುತ್ತಾರೆ. ಪಿಕ್ಸೆಲ್ ಪಿಚ್ (ಅಕ್ಕಪಕ್ಕದ ಎರಡು ಪಿಕ್ಸೆಲ್ ನಡುವಿನ ದೂರ) ಎಷ್ಟು ಮಿಲಿಮೀಟರೋ ಸುಮಾರು ಅಷ್ಟು ಮೀಟರ್ ದೂರದಿಂದ ಚಿತ್ರ ಸರಿಯಾಗಿ ಕಾಣಲು ಶುರುವಾಗುತ್ತದೆ ಎಂಬುದು ಕೈಲೆಕ್ಕ.

ಸೌಂಡಿನವರ ಸ್ಪೀಕರ್ ಮುಂದೆ ಲೈಟ್ ನೇತುಹಾಕಬೇಡಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, 34 ಮೀಟರ್ ಹಿಂದೆ ಕೂತರೆ ನಿಮಗೆ ಡ್ರಮ್ ಕೇಳುವುದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ. ಕಿವಿ ನಂಬಿ ಒತ್ತಿದರೆ ಸ್ಟೇಜ್ ಹತ್ತಿರದವರಿಗೆ ಲೈಟ್ ಹಿಂದೆ ಬಿದ್ದ ಹಾಗೆ ಕಾಣುತ್ತದೆ. ಹೆಡ್‌ಫೋನಿನಲ್ಲಿ ನೇರ ಫೀಡ್ ಕೇಳಿ, ಅಥವಾ ಡ್ರಮ್ಮರ್ ಕೈ ನೋಡಿ ಒತ್ತಿ.

ಶೋ ಹೊತ್ತು

ಬಾಗಿಲು ತೆರೆಯುವ ಮುಂಚೆ ಪ್ರತಿ ಲೈಟನ್ನೂ ಒಮ್ಮೆ ಆಡಿಸಿ. ಶೋ ಫೈಲ್ ಎರಡು ಬೇರೆ ಪೆನ್‌ಡ್ರೈವ್‌ನಲ್ಲಿರಲಿ. ಇಂಟರ್‌ಕಾಮ್‌ನಲ್ಲಿ ಕ್ಯೂ ಕೊಡುವವರು ಒಬ್ಬರೇ. ಮೊದಲು "ಸ್ಟ್ಯಾಂಡ್‌ಬೈ ಲೈಟ್ 12", ಆಮೇಲೆ "ಗೋ". ಸುಮ್ನೆ ಮಾತಾಡುವಾಗ ಆ "ಗೋ" ಪದ ಬಾಯಿಗೆ ಬರಬಾರದು, ಯಾರೋ ಒತ್ತಿಬಿಡುತ್ತಾರೆ. ಒಂದು ಮೂವಿಂಗ್ ಹೆಡ್ ಕೆಟ್ಟರೆ ಅದನ್ನು ರಿಪೇರಿ ಮಾಡಲು ಶೋ ನಡುವೆ ಒದ್ದಾಡಬೇಡಿ. ಆರಿಸಿ, ಅದರ ಎದುರು ಬದಿಯ ಜೋಡಿಯನ್ನೂ ಆರಿಸಿ. ಎರಡೂ ಬದಿ ಸಮ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಮುಗಿದ ಮೇಲೆ ಜನ ಪೂರ್ತಿ ಹೊರಗೆ ಹೋಗುವವರೆಗೆ ಕೆಲಸದ ಬೆಳಕು ಇರಲಿ, ಟ್ರಸ್ ಇಳಿಸಬೇಡಿ. ಡಿಸ್ಚಾರ್ಜ್ ಬಲ್ಬಿನ ಹಳೆಯ ಮೂವಿಂಗ್ ಹೆಡ್ ಆದರೆ ಲ್ಯಾಂಪ್ ಆಫ್ ಮಾಡಿ, ಫ್ಯಾನ್ ಓಡಿ ತಣ್ಣಗಾದ ಮೇಲೆ ಪವರ್ ತೆಗೆಯಿರಿ. ಕೇಬಲನ್ನು ಮೊಣಕೈಗೆ ಸುತ್ತಬೇಡಿ, ಒಳಗಿನ ತಂತಿ ತಿರುಚಿಕೊಳ್ಳುತ್ತದೆ. ಒಂದು ಸುತ್ತು ಮೇಲಿಂದ, ಒಂದು ಸುತ್ತು ಕೆಳಗಿಂದ ಹಾಕಿ. ಕೈಕೊಟ್ಟ ಕೇಬಲ್‌ನ ಎರಡೂ ತುದಿಗೆ ಕೆಂಪು ಟೇಪ್ ಸುತ್ತಿ, ಏನಾಗಿತ್ತು ಅಂತ ಅದರ ಮೇಲೆ ಬರೆದು ಬೇರೆ ಪೆಟ್ಟಿಗೆಗೆ ಹಾಕಿ. ಒಳ್ಳೆಯ ಕೇಬಲ್ ಜೊತೆ ಸೇರಿಹೋದರೆ ಮುಂದಿನ ಶೋನಲ್ಲಿ ಅದನ್ನೇ ಮತ್ತೆ ಟ್ರಸ್ ಮೇಲೆ ಎಳೆಯುತ್ತಾರೆ.